ಕ್ಯಾಲಿಫೋರ್ನಿಯಾದಲ್ಲಿ ಪ್ರೋಸೆಸ್ ಸರ್ವರ್ ಆಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟಿನ ಸಮನ್ಸ್, ವಿಚ್ಛೇದನದ ಅರ್ಜಿ, ಸಾಕ್ಷಿ ಹೇಳಲು ಬರುವ ಸಬ್‌ಪೀನಾ ಇಂಥವನ್ನು ಸಂಬಂಧಪಟ್ಟವರ ಕೈಗೆ ಮುಟ್ಟಿಸುವುದು ನಮ್ಮೂರಲ್ಲಿ ಸರ್ಕಾರಿ ನೌಕರಿ. ಅಮೆರಿಕದಲ್ಲಿ ಅದೊಂದು ಖಾಸಗಿ ಕಸುಬು, ಅದನ್ನು ಮಾಡುವವರೇ ಪ್ರೋಸೆಸ್ ಸರ್ವರ್. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡಿಗರು ಈ ಬಗ್ಗೆ ಕೇಳುತ್ತಲೇ ಇರುತ್ತಾರೆ. ಕೆಲವರಿಗೆ ಅರೆಕಾಲಿಕ ದುಡಿಮೆ ಬೇಕು, ಕೆಲವರ ಮನೆಗೇ ಕಾಗದ ಬಂದಿರುತ್ತದೆ, ಇನ್ನು ಕೆಲವರಿಗೆ ಬೆಂಗಳೂರಿನಲ್ಲಿರುವ ಗಂಡನಿಗೋ ಹೆಂಡತಿಗೋ ನೋಟಿಸ್ ತಲುಪಿಸಬೇಕಿರುತ್ತದೆ. ಉತ್ತರಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ವಕೀಲನಲ್ಲ, ಈ ಕಸುಬಿನವನು. ನಿಮ್ಮ ಕೇಸಿನ ಸಂಗತಿಯನ್ನು ವಕೀಲರ ಹತ್ತಿರವೇ ಕೇಳಿ.

ಪ್ರೋಸೆಸ್ ಸರ್ವರ್ ಅಂದರೆ ನಮ್ಮ ಕಡೆಯ ಕೋರ್ಟ್ ಅಮೀನರೇ?

ಕೆಲಸ ಹೆಚ್ಚುಕಮ್ಮಿ ಅದೇ, ಕೂಲಿ ಕೊಡುವವರು ಬೇರೆ. ಕರ್ನಾಟಕದ ಜಿಲ್ಲಾ ನ್ಯಾಯಾಲಯಗಳಲ್ಲಿ ಆದೇಶ ಜಾರಿಕಾರರು ಎಂದು ಕರೆಸಿಕೊಳ್ಳುವವರು ನ್ಯಾಯಾಲಯದ ನೌಕರರು. ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದವರೋ ಅವರ ವಕೀಲರೋ ದುಡ್ಡು ಕೊಟ್ಟು ಒಬ್ಬರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಇಲ್ಲಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 414.10ನೇ ಕಲಮಿನ ಪ್ರಕಾರ 18 ವರ್ಷ ತುಂಬಿದ, ಆ ಕೇಸಿನಲ್ಲಿ ಪಕ್ಷಗಾರರಲ್ಲದ ಯಾರು ಬೇಕಾದರೂ ಸಮನ್ಸ್ ಜಾರಿ ಮಾಡಬಹುದು. ಫೆಡರಲ್ ಕೋರ್ಟುಗಳ ನಿಯಮ 4 ಹೇಳುವುದೂ ಇದನ್ನೇ.

ಯಾರು ಬೇಕಾದರೂ ಮಾಡಬಹುದಾದರೆ ನೋಂದಣಿ ಏತಕ್ಕೆ?

ದುಡ್ಡಿಗಾಗಿ ಮಾಡುವವರಿಗೆ ಅದು ಬೇಕು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಹತ್ತಕ್ಕಿಂತ ಹೆಚ್ಚು ಜಾರಿಗಳನ್ನು ಪ್ರತಿಫಲ ಪಡೆದು ಮಾಡುವವರು ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಕ್ಲರ್ಕ್ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕು. ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 22350ನೇ ಕಲಮಿನಿಂದ ಮುಂದಕ್ಕೆ ಈ ನಿಯಮಗಳಿವೆ. ಷೆರಿಫ್‌ಗಳು (ಕೌಂಟಿಯ ಪೊಲೀಸ್ ಮುಖ್ಯಸ್ಥರು), ತಮ್ಮ ಕೆಲಸದ ಭಾಗವಾಗಿ ಜಾರಿ ಮಾಡುವ ಸರ್ಕಾರಿ ನೌಕರರು, ವಕೀಲರು ಮತ್ತು ಅವರ ಸಿಬ್ಬಂದಿ, ಲೈಸೆನ್ಸ್ ಇರುವ ಖಾಸಗಿ ಪತ್ತೇದಾರರು ಇದರಿಂದ ಹೊರಗೆ.

ಸ್ನೇಹಿತರೊಬ್ಬರಿಗೆ ಬಿಟ್ಟಿಯಾಗಿ ಒಂದು ಕಾಗದ ಕೊಟ್ಟುಬರುವುದಕ್ಕೆ ಯಾವ ನೋಂದಣಿಯೂ ಬೇಡ. ನಿಮ್ಮದೇ ಕೇಸಿನ ಕಾಗದವನ್ನು ಮಾತ್ರ ನೀವು ಕೊಡುವಂತಿಲ್ಲ. ಗಂಡ ಹೆಂಡತಿಗೆ ತಾನೇ ವಿಚ್ಛೇದನದ ಪ್ರತಿ ಕೊಟ್ಟು "ಕೊಟ್ಟಾಯಿತು" ಎಂದರೆ ಕೋರ್ಟ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೋರ್ಸ್, ಪರೀಕ್ಷೆ ಏನಾದರೂ ಇದೆಯೇ?

ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ತರಬೇತಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಇದು ಒಳ್ಳೆಯದೇನೂ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಬಾಂಡ್ (ಜಾಮೀನು ಪತ್ರ) ತಂದು ಬೆರಳಚ್ಚು ಕೊಟ್ಟವರು ಕಾನೂನಿನ ಒಂದು ಸಾಲನ್ನೂ ಓದದೆ ಮಾರನೆಯ ದಿನ ಬಾಗಿಲು ತಟ್ಟಬಹುದು.

ಅಂತರ್ಜಾಲದಲ್ಲಿ "ರಾಷ್ಟ್ರೀಯ ಪ್ರೋಸೆಸ್ ಸರ್ವರ್ ಸರ್ಟಿಫಿಕೇಟ್" ಮಾರುವವರಿದ್ದಾರೆ. ಇಡೀ ಅಮೆರಿಕಕ್ಕೆ ಅನ್ವಯಿಸುವ ಸರ್ಕಾರಿ ಲೈಸೆನ್ಸ್ ಎಂಬುದೇ ಇಲ್ಲ. ಅಂಥ ಕಾಗದ ಗೋಡೆಗೆ ನೇತುಹಾಕಲು ಚೆಂದ, ಕೌಂಟಿ ಕ್ಲರ್ಕ್ ಅದನ್ನು ಕೇಳುವುದಿಲ್ಲ. ಕಲಿಯುವ ಮನಸ್ಸಿದ್ದರೆ ಕ್ಯಾಲ್ಸ್‌ಪ್ರೊ ಎಂಬ ರಾಜ್ಯಮಟ್ಟದ ವೃತ್ತಿ ಸಂಘಟನೆ ತರಬೇತಿಯನ್ನೂ ಸ್ವಂತ ಇಚ್ಛೆಯಿಂದ ಬರೆಯುವ ಪ್ರಮಾಣೀಕರಣ ಪರೀಕ್ಷೆಯನ್ನೂ ನಡೆಸುತ್ತದೆ. 1982ರಲ್ಲಿ ಹುಟ್ಟಿದ ನ್ಯಾಪ್ಸ್ ದೇಶಮಟ್ಟದ ಸಂಘ. ಇವೆರಡರ ಸದಸ್ಯರ ಪಟ್ಟಿಯನ್ನು ವಕೀಲರು ನೋಡುತ್ತಾರೆ, ಹಾಗಾಗಿ ಅಲ್ಲಿ ಹಾಕಿದ ದುಡ್ಡು ದಂಡವಾಗುವುದಿಲ್ಲ. ಇವಾವುದೂ ಬೇಡವೆಂದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 413ರಿಂದ 417ರವರೆಗಿನ ಕಲಮುಗಳನ್ನು ಓದಿ ಮನನ ಮಾಡಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ.

ನೋಂದಣಿ ಮಾಡಿಸುವುದು ಹೇಗೆ?

ನೀವು ವಾಸವಿರುವ ಅಥವಾ ನಿಮ್ಮ ವ್ಯವಹಾರದ ಮುಖ್ಯ ಸ್ಥಳವಿರುವ ಕೌಂಟಿಯ ಕ್ಲರ್ಕ್ ಕಚೇರಿಗೆ ಹೋಗಬೇಕು. ಸನ್ನಿವೇಲ್‌ನವರಿಗೆ ಸಾಂತಾ ಕ್ಲಾರಾ ಕೌಂಟಿ, ಫ್ರೀಮಾಂಟ್‌ನವರಿಗೆ ಅಲಮೀಡಾ. ಒಂದು ಕೌಂಟಿಯಲ್ಲಿ ನೋಂದಾಯಿಸಿದರೆ ರಾಜ್ಯದ ಎಲ್ಲ ಕಡೆ ಕೆಲಸ ಮಾಡಬಹುದು.

ಅರ್ಜಿಗೆ ಮುಂಚಿನ ಒಂದು ವರ್ಷ ಪೂರ್ತಿ ಕ್ಯಾಲಿಫೋರ್ನಿಯಾದ ನಿವಾಸಿಯಾಗಿರಬೇಕು ಎಂಬುದು ಹಲವರು ಎಡವುವ ಜಾಗ. ಕಳೆದ ತಿಂಗಳಷ್ಟೇ ಡಲ್ಲಾಸ್‌ನಿಂದ ಬಂದವರು ಕಾಯಲೇಬೇಕು. ಫೆಲನಿ, ಅಂದರೆ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿಲ್ಲವೆಂದು ಅರ್ಜಿಯಲ್ಲೇ ಘೋಷಿಸಬೇಕು. ಲೈವ್ ಸ್ಕ್ಯಾನ್ ಎಂಬ ಡಿಜಿಟಲ್ ಬೆರಳಚ್ಚು ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಅದರ ನಮೂನೆಯ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಬೇಕು. 2,000 ಡಾಲರ್ ಮೊತ್ತದ ಬಾಂಡ್ ಬೇಕು. ಅಷ್ಟೂ ಹಣ ಕೈಯಿಂದ ಹೋಗುತ್ತದೆಂದು ಹೆದರಬೇಡಿ. ಜಾಮೀನು ಕಂಪನಿಗೆ ಅದರ ಸಣ್ಣದೊಂದು ಪಾಲನ್ನು ಪ್ರೀಮಿಯಂ ಆಗಿ ಕಟ್ಟಿದರೆ ಬಾಂಡ್ ಬರೆದುಕೊಡುತ್ತಾರೆ. ಬೇಕೆಂದರೆ 2,000 ಡಾಲರನ್ನು ನಗದು ಠೇವಣಿಯಾಗಿಯೂ ಇಡಬಹುದು. ಕಾನೂನು ಗೊತ್ತುಪಡಿಸಿದ ನೋಂದಣಿ ಶುಲ್ಕ 100 ಡಾಲರ್. ಬಾಂಡ್ ದಾಖಲಿಸುವುದಕ್ಕೆ, ಬೆರಳಚ್ಚಿಗೆ ಆಗುವ ಚಿಲ್ಲರೆ ಖರ್ಚು ಇದಕ್ಕೆ ಸೇರುತ್ತದೆ.

ಎಲ್ಲ ಸರಿಯಿದ್ದರೆ ನೋಂದಣಿ ಸಂಖ್ಯೆಯೂ ಫೋಟೊ ಇರುವ ಗುರುತಿನ ಚೀಟಿಯೂ ಸಿಗುತ್ತವೆ. ಆ ಸಂಖ್ಯೆಯನ್ನು, ಕೌಂಟಿಯ ಹೆಸರಿನ ಸಮೇತ, ನೀವು ಸಹಿ ಮಾಡುವ ಪ್ರತಿಯೊಂದು ಜಾರಿ ವರದಿಯ ಮೇಲೂ ಬರೆಯಬೇಕು. ಕಂಪನಿ ಕಟ್ಟಿಕೊಂಡು ಮಾಡುವುದಾದರೆ ಕಂಪನಿಯ ಹೆಸರಿನಲ್ಲೂ ನೋಂದಣಿ ಬೇಕು.

ನಾನು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇನೆ. ವಾರಾಂತ್ಯದಲ್ಲಿ ಮಾಡಬಹುದೇ?

ಬೇಡ. ಕೌಂಟಿ ಕ್ಲರ್ಕ್ ನಿಮ್ಮ ವೀಸಾ ಕೇಳದೇ ಇರಬಹುದು, ಆದರೆ ನೋಂದಣಿ ಬೇರೆ, ದುಡಿಯುವ ಅನುಮತಿ ಬೇರೆ. ಎಚ್-1ಬಿ ಇರುವವರು ತಮಗಾಗಿ ಅರ್ಜಿ ಹಾಕಿದ ಉದ್ಯೋಗದಾತರಲ್ಲಿ ಮಾತ್ರ ದುಡಿಯಬಹುದು. ಶನಿವಾರ ನಾಲ್ಕು ಸಮನ್ಸ್ ಕೊಟ್ಟು ಚೆಕ್ ತೆಗೆದುಕೊಂಡರೂ ಅದು ಅನುಮತಿಯಿಲ್ಲದ ದುಡಿಮೆಯೇ. ಮುಂದೆ ಗ್ರೀನ್ ಕಾರ್ಡಿನ ಹೊತ್ತಿಗೆ ಅದು ಎದ್ದು ಬರುತ್ತದೆ. ಎಫ್-1 ವಿದ್ಯಾರ್ಥಿಗಳೂ ಕ್ಯಾಂಪಸ್ಸಿನ ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ.

ಎಚ್-4ರಲ್ಲಿದ್ದು (ಎಚ್-1ಬಿಯವರ ಗಂಡ ಅಥವಾ ಹೆಂಡತಿಯ ವೀಸಾ) ಇಎಡಿ ಎಂಬ ದುಡಿಮೆಯ ಅನುಮತಿ ಕಾರ್ಡ್ ಪಡೆದವರು, ಎಲ್-2 ವೀಸಾದ ಸಂಗಾತಿಗಳು, ಗ್ರೀನ್ ಕಾರ್ಡ್ ಇರುವವರು ಮಾಡಬಹುದು. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಸಿಗುವ ಹೊತ್ತಿನಲ್ಲಿ ಮಾಡುವ ಕೆಲಸವೆಂದು ಕೆಲವರು ಯೋಚಿಸುತ್ತಾರೆ. ಒಂದು ಮಾತು ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ಜನ ಮನೆಯಲ್ಲಿ ಇರುವುದಿಲ್ಲ. ಜನ ಸಿಗುವುದು ಬೆಳಗ್ಗೆ ಏಳಕ್ಕೆ, ಸಂಜೆ ಏಳರ ಮೇಲೆ, ಭಾನುವಾರ. ಕ್ಯಾಲಿಫೋರ್ನಿಯಾದಲ್ಲಿ ಭಾನುವಾರದ ಜಾರಿಗೆ ಅಡ್ಡಿಯಿಲ್ಲ. ಟೆಕ್ಸಾಸ್‌ನಲ್ಲಾದರೆ ಕೆಲವು ತುರ್ತು ಆದೇಶಗಳನ್ನು ಬಿಟ್ಟು ಭಾನುವಾರ ಸಿವಿಲ್ ಸಮನ್ಸ್ ಕೊಡುವಂತಿಲ್ಲ.

ಬೇರೆ ರಾಜ್ಯಗಳಲ್ಲಿ ಹೇಗೆ?

ಒಂದೊಂದು ಕಡೆ ಒಂದೊಂದು. ಟೆಕ್ಸಾಸ್‌ನಲ್ಲಿ ನಿಜವಾದ ಅರ್ಥದ ಪ್ರಮಾಣೀಕರಣವಿದೆ. ಅಲ್ಲಿನ ಸುಪ್ರೀಂ ಕೋರ್ಟಿನಡಿ ಕೆಲಸ ಮಾಡುವ ಜ್ಯುಡಿಷಿಯಲ್ ಬ್ರಾಂಚ್ ಸರ್ಟಿಫಿಕೇಷನ್ ಕಮಿಷನ್ ಒಪ್ಪಿದ ಕೋರ್ಸ್ ಮುಗಿಸಿ, ಬೆರಳಚ್ಚಿನ ಪರಿಶೀಲನೆ ದಾಟಬೇಕು. ಅರಿಜೋನಾದಲ್ಲಿ ಪರೀಕ್ಷೆ ಇದೆ. ನೆವಾಡಾದಲ್ಲಿ ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಮಂಡಳಿಯೇ ಇವರಿಗೂ ಕೊಡುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಕೌಂಟಿ ಆಡಿಟರ್ ಬಳಿ ನೋಂದಣಿ. ನ್ಯೂಯಾರ್ಕ್ ನಗರದ್ದು ಬಹಳ ಬಿಗಿ: ನಗರದ ಲೈಸೆನ್ಸ್, ಪರೀಕ್ಷೆ, ಬಾಂಡ್, ಪ್ರತಿ ಭೇಟಿಗೂ ಜಿಪಿಎಸ್ ದಾಖಲೆ. ಆ ಬಿಗಿಗೆ ಕಾರಣ ಮುಂದೆ ಹೇಳುತ್ತೇನೆ.

ಕಾಗದವನ್ನು ಹೇಗೆ ಕೊಡಬೇಕು? ತೆಗೆದುಕೊಳ್ಳದಿದ್ದರೆ?

ಎದುರು ನಿಂತವರು ಅವರೇ ಎಂದು ಖಾತ್ರಿ ಮಾಡಿಕೊಂಡು ಕೈಗೆ ಕೊಡುವುದು ಮೊದಲ ದಾರಿ. ಸಹಿ ಮಾಡಿಸಿಕೊಳ್ಳುವ ಅಗತ್ಯವಿಲ್ಲ. ಅಂಚೆಯವರು ರಿಜಿಸ್ಟರ್ಡ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಕಂಡು ಬೆಳೆದ ನಮಗೆ ಇದು ವಿಚಿತ್ರವೆನ್ನಿಸುತ್ತದೆ. ಬಂದವರು ಯಾರು, ಏಕೆ ಎಂದು ತಿಳಿದೂ "ನನಗೆ ಬೇಡ" ಎಂದು ಕೈ ಹಿಂದಕ್ಕೆ ಕಟ್ಟಿದರೆ, ಇದು ಕೋರ್ಟಿನ ಕಾಗದ ಎಂದು ಹೇಳಿ ಅವರ ಎದುರಿಗೇ ಕೆಳಗಿಟ್ಟು ಬನ್ನಿ. ಜಾರಿಯಾದ ಹಾಗೆಯೇ. ಬೇಡವೆಂದ ಮಾತ್ರಕ್ಕೆ ದಾವೆಯಿಂದ ಯಾರೂ ತಪ್ಪಿಸಿಕೊಂಡಿಲ್ಲ. ಉತ್ತರ ಕೊಡಲು ಸಾಮಾನ್ಯ ಸಿವಿಲ್ ದಾವೆಯಲ್ಲಿ ಇರುವ 30 ದಿನಗಳ ಗಡಿಯಾರ ಅಲ್ಲಿಂದಲೇ ಓಡಲು ಶುರು.

ಮೈಮುಟ್ಟುವುದು, ಬಾಗಿಲಿಗೆ ಕಾಲು ಕೊಟ್ಟು ನಿಲ್ಲುವುದು, ಪೊಲೀಸ್ ಎಂದು ಹೇಳಿಕೊಳ್ಳುವುದು ಇವು ಮಾತ್ರ ಖಂಡಿತ ಬೇಡ. ಕೊನೆಯದಂತೂ ಅಪರಾಧ.

ಎಷ್ಟು ಸಲ ಹೋದರೂ ಮನೆಯಲ್ಲಿ ಸಿಗದಿದ್ದರೆ?

ಆಗ 415.20ನೇ ಕಲಮಿನ ಪರ್ಯಾಯ ಜಾರಿ. ಮೊದಲು ಮುತುವರ್ಜಿಯಿಂದ ಪ್ರಯತ್ನಿಸಿರಬೇಕು. ಸರಿಯಾದ ವಿಳಾಸಕ್ಕೆ ಎರಡು ಮೂರು ಸಲ ಹೋಗಿಬಂದರೆ ಸಾಮಾನ್ಯವಾಗಿ ಸಾಕೆಂದು 1992ರ ಒಂದು ಮೇಲ್ಮನವಿ ತೀರ್ಪು ಹೇಳಿದೆ. ಮೂರು ಸಲವೂ ಮಂಗಳವಾರ ಮಧ್ಯಾಹ್ನ ಎರಡಕ್ಕೆ ಹೋದವರನ್ನು ನ್ಯಾಯಾಧೀಶರು ನಂಬುವುದು ಕಷ್ಟ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಹೋಗಿ. ಆಮೇಲೆ ಮನೆಯಲ್ಲಿರುವ, 18 ತುಂಬಿದ, ತಿಳಿವಳಿಕೆಯುಳ್ಳ ಸದಸ್ಯರೊಬ್ಬರಿಗೆ ಕೊಡಬಹುದು. ಕಚೇರಿಯಾದರೆ ಅಲ್ಲಿನ ಉಸ್ತುವಾರಿಯವರಿಗೆ. ಅದರ ಇನ್ನೊಂದು ಪ್ರತಿಯನ್ನು ಅದೇ ವಿಳಾಸಕ್ಕೆ ಅಂಚೆಯಲ್ಲಿ ಹಾಕಬೇಕು. ಅಂಚೆಗೆ ಹಾಕಿದ ಹತ್ತನೆಯ ದಿನ ಜಾರಿ ಪೂರ್ಣಗೊಂಡಂತೆ.

ನಮ್ಮವರ ಮನೆಗಳಲ್ಲಿ ಇಲ್ಲೊಂದು ತೊಡಕು ಬರುತ್ತದೆ. ಬಾಗಿಲು ತೆಗೆಯುವವರು ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆ-ತಾಯಿ. ಅವರು ಆ ಮನೆಯ ಸದಸ್ಯರೋ ಬಂದುಹೋಗುವ ನೆಂಟರೋ? ಎದುರು ಪಕ್ಷದ ವಕೀಲರು ಇದನ್ನೇ ಹಿಡಿದುಕೊಂಡು ಜಾರಿಯನ್ನು ಪ್ರಶ್ನಿಸಬಹುದು. ಇಷ್ಟೇ ಅಲ್ಲ, ಕೊಡುವ ಕಾಗದದಲ್ಲಿ ಏನಿದೆ ಎಂಬುದನ್ನು ಅವರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಇಂಗ್ಲಿಷ್ ಬಾರದ ಅಮ್ಮನ ಕೈಗೆ ಕವರ್ ತುರುಕಿ ಓಡಿಬಂದರೆ ತಿಳಿಸಿದಂತಾಯಿತೇ? ಇಲ್ಲಿ ಕನ್ನಡ ಬಲ್ಲವರಿಗೆ ಅನುಕೂಲ. "ಅಮ್ಮಾ, ಇದು ಕೋರ್ಟಿನಿಂದ ನಿಮ್ಮ ಮಗನ ಹೆಸರಿಗೆ ಬಂದಿರೋ ಕಾಗದ. ಅವರಿಗೆ ತಪ್ಪದೆ ಕೊಡಿ, ಉತ್ತರ ಕೊಡೋಕೆ ಗಡುವು ಇದೆ" ಎಂದು ಹೇಳಿ ಬನ್ನಿ. ಅವರು ಎಷ್ಟು ದಿನದಿಂದ ಇಲ್ಲಿದ್ದಾರೆ, ಮಗ ಇದೇ ಮನೆಯಲ್ಲಿರುತ್ತಾನೋ ಎಂದು ಕೇಳಿ ಬರೆದುಕೊಳ್ಳಿ. ಕೇಸಿನ ವಿವರಕ್ಕೆ ಹೋಗಬೇಡಿ. ಆ ತಾಯಿ ಗಾಬರಿಯಾಗಿರುತ್ತಾರೆ, "ಪೊಲೀಸ್ ಕೇಸಾ?" ಎಂದೇ ಮೊದಲು ಕೇಳುತ್ತಾರೆ. ಸಿವಿಲ್ ದಾವೆಯಾಗಿದ್ದರೆ ಅಲ್ಲವೆಂದು ಹೇಳಲು ಯಾವ ಅಡ್ಡಿಯೂ ಇಲ್ಲ.

ಗೇಟ್ ಇರುವ ಕಾಲೊನಿಯಲ್ಲಿ ಕಾವಲುಗಾರ ಒಳಗೆ ಬಿಡದಿದ್ದರೆ?

ಇದಕ್ಕೆಂದೇ 415.21ನೇ ಕಲಮಿದೆ. ಯಾರನ್ನು ನೋಡಬೇಕೆಂದು ಹೇಳಿ, ಫೋಟೊ ಇರುವ ಗುರುತಿನ ದಾಖಲೆ ಮತ್ತು ಚಾಲ್ತಿಯಲ್ಲಿರುವ ನೋಂದಣಿ ತೋರಿಸಿದರೆ ಕಾವಲುಗಾರರು ಬಿಡಬೇಕು. ಕಲಮನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಕಾವಲುಗಾರರಿಲ್ಲದ, ಬರೀ ಸಂಖ್ಯೆ ಒತ್ತುವ ಗೇಟಿನ ಮುಂದೆ ಈ ಕಲಮು ಪ್ರಯೋಜನಕ್ಕೆ ಬರುವುದಿಲ್ಲ.

ಈ ಕೆಲಸದಲ್ಲಿ ಕಷ್ಟದ ಭಾಗ ಯಾವುದು?

ಜನರನ್ನು ಹುಡುಕುವುದು ಎಂದುಕೊಂಡವರೇ ಹೆಚ್ಚು. ಅಲ್ಲ, ಕೊಟ್ಟ ಮೇಲೆ ಬರೆಯುವ ವರದಿ. ವಕೀಲರು ದುಡ್ಡು ಕೊಡುವುದು ನಿಮ್ಮ ಕಾಲಿನ ಓಡಾಟಕ್ಕಲ್ಲ, ನಿಮ್ಮ ಪ್ರಮಾಣಕ್ಕೆ. ಪ್ರೂಫ್ ಆಫ್ ಸರ್ವಿಸ್ ಎನ್ನುವ ಆ ಕಾಗದ, ಸಾಮಾನ್ಯ ದಾವೆಗೆ ಪಿಒಎಸ್-010, ವಿಚ್ಛೇದನಕ್ಕೆ ಎಫ್‌ಎಲ್-115, ಕೋರ್ಟಿಗೆ ಹೋದ ಮೇಲೆಯೇ ದಾವೆ ಮುಂದೆ ಚಲಿಸುವುದು. ನಮ್ಮ ಜಾರಿಕಾರರು ಸಮನ್ಸಿನ ಹಿಂದೆ ಬರೆಯುವ ಷರಾ ಇದ್ದಂತೆ, ಆದರೆ ಇದನ್ನು ಸುಳ್ಳುಸಾಕ್ಷ್ಯದ ಶಿಕ್ಷೆಗೆ ಒಳಪಟ್ಟು ಸಹಿ ಮಾಡುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ ಸುಳ್ಳುಸಾಕ್ಷ್ಯಕ್ಕೆ ಎರಡು, ಮೂರು ಅಥವಾ ನಾಲ್ಕು ವರ್ಷ ಸೆರೆವಾಸ.

ನೋಂದಾಯಿತರ ವರದಿಗೆ ಇನ್ನೊಂದು ತೂಕವೂ ಇದೆ. ಸಾಕ್ಷ್ಯ ಸಂಹಿತೆಯ 647ನೇ ಕಲಮಿನ ಪ್ರಕಾರ ಅದರಲ್ಲಿ ಬರೆದದ್ದು ನಿಜವೆಂದೇ ಮೊದಲು ಭಾವಿಸಲಾಗುತ್ತದೆ, ಅಲ್ಲವೆನ್ನುವವರೇ ಪುರಾವೆ ತರಬೇಕು. ನೆರೆಮನೆಯವರೊಬ್ಬರು ಬಿಟ್ಟಿಯಾಗಿ ಕೊಟ್ಟುಬಂದ ಕಾಗದಕ್ಕೆ ಈ ಬಲವಿಲ್ಲ. ನೂರು ಡಾಲರ್ ಕಟ್ಟಿ ನೀವು ನಿಜವಾಗಿ ಪಡೆಯುವುದು ಈ ನಂಬಿಕೆಯನ್ನು.

ಅದನ್ನು ಕೆಡಿಸಿದರೆ ಆಗುವ ಅನಾಹುತ ಸಣ್ಣದಲ್ಲ. ಕಾಗದವನ್ನು ಕಸದ ಬುಟ್ಟಿಗೆ ಹಾಕಿ "ಕೊಟ್ಟೆ" ಎಂದು ಬರೆಯುವುದಕ್ಕೆ ಇಲ್ಲಿ ಚರಂಡಿ ಜಾರಿ ಎಂಬ ಹೆಸರೇ ಇದೆ. ಸಾಲ ವಸೂಲಿ ಕೇಸುಗಳಲ್ಲಿ ಇದು ಹೆಚ್ಚು. ಪ್ರತಿವಾದಿಗೆ ಕೇಸಿರುವುದೇ ಗೊತ್ತಿರುವುದಿಲ್ಲ, ಏಕಪಕ್ಷೀಯ ತೀರ್ಪು ಬಂದುಬಿಡುತ್ತದೆ, ಸಂಬಳದಲ್ಲಿ ಹಣ ಕಡಿತವಾದ ದಿನ ವಿಷಯ ತಿಳಿಯುತ್ತದೆ. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ಯೂಮೊ ಇಂಥ ಸುಮಾರು ಒಂದು ಲಕ್ಷ ತೀರ್ಪುಗಳನ್ನು ರದ್ದುಮಾಡಿಸಲು ಕೋರ್ಟಿಗೆ ಹೋದರು. ಆ ನಗರದಲ್ಲಿ ಜಿಪಿಎಸ್ ಕಡ್ಡಾಯವಾದದ್ದು ಇದರ ಬೆನ್ನಿಗೇ. ಕ್ಯಾಲಿಫೋರ್ನಿಯಾದಲ್ಲಿ ಅಂಥ ತೀರ್ಪು ತೆಗೆಸಿಹಾಕಲು 473.5ನೇ ಕಲಮಿನಡಿ ಅರ್ಜಿ ಹಾಕಬಹುದು. ಆ ದಿನ ಸಾಕ್ಷಿಕಟ್ಟೆಗೆ ಬರಬೇಕಾದವರು ನೀವು.

ಆದ್ದರಿಂದ ಪ್ರತಿ ಭೇಟಿಯ ದಿನಾಂಕ, ಗಂಟೆ, ನಿಮಿಷ, ಬಾಗಿಲ ಬಣ್ಣ, ಅಂಗಳದಲ್ಲಿದ್ದ ಕಾರು, ಎದುರಿಗೆ ಬಂದವರ ಅಂದಾಜು ವಯಸ್ಸು ಎತ್ತರ ಎಲ್ಲವನ್ನೂ ಕಾರಿಗೆ ಮರಳಿದ ಕೂಡಲೇ ಬರೆಯಿರಿ. ಸಂಜೆ ಮನೆಗೆ ಹೋಗಿ ನೆನಪಿನಿಂದ ಬರೆಯುವ ಅಭ್ಯಾಸ ಬೇಡವೇ ಬೇಡ. ಒಂದು ದಿನದ ವ್ಯತ್ಯಾಸವೂ ದೊಡ್ಡದು: ಇಲ್ಲಿ ವಿಚ್ಛೇದನ ಅಂತಿಮವಾಗಲು ಕನಿಷ್ಠ ಆರು ತಿಂಗಳು ಕಾಯಬೇಕು, ಆ ಆರು ತಿಂಗಳ ಎಣಿಕೆ ಸಾಮಾನ್ಯವಾಗಿ ನೀವು ಬರೆದ ಜಾರಿಯ ದಿನಾಂಕದಿಂದ.

ಮಾಡಬಾರದ ಇನ್ನೇನಿದೆ?

ಮನೆ ಮುಂದಿನ ಅಂಚೆ ಪೆಟ್ಟಿಗೆಯಲ್ಲಿ ಕಾಗದ ತುರುಕಬೇಡಿ, ಅಂಚೆಚೀಟಿಯಿಲ್ಲದ್ದನ್ನು ಅದರಲ್ಲಿ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಆಸಾಮಿ ಎಲ್ಲಿ ಹೋಗುತ್ತಾನೆಂದು ತಿಳಿಯಲು ಕಾರಿಗೆ ಏರ್‌ಟ್ಯಾಗ್ ಎಂಬ ಜಾಡು ತೋರಿಸುವ ಪುಟ್ಟ ಸಾಧನ ಅಂಟಿಸುವ ಐಡಿಯಾ ಕೆಲವರಿಗೆ ಬರುತ್ತದೆ. ದಂಡಸಂಹಿತೆಯ 637.7ನೇ ಕಲಮು ಅದನ್ನು ಅಪರಾಧವೆನ್ನುತ್ತದೆ. ವಿಳಾಸ ಬದಲಾಗಿದ್ದರೆ ನೇರ ದಾರಿಯೇ ಇದೆ. ಕೋರ್ಟ್ ಕಾಗದ ಜಾರಿಗೆಂದು ಹೇಳಿ ಅಂಚೆ ಇಲಾಖೆಗೆ ನಿಗದಿತ ಅರ್ಜಿ ಕೊಟ್ಟರೆ ಹೊಸ ವಿಳಾಸವನ್ನೋ ಪೋಸ್ಟ್ ಬಾಕ್ಸ್ ಬಾಡಿಗೆದಾರರ ವಿವರವನ್ನೋ ಕೊಡುತ್ತಾರೆ.

ಬಾಡಿಗೆದಾರರನ್ನು ಮನೆಯಿಂದ ಹೊರಹಾಕುವ ಕೊನೆಯ ಹಂತ ಷೆರಿಫ್‌ಗೆ ಸೇರಿದ್ದು, ನಿಮಗಲ್ಲ. ಬ್ಯಾಂಕ್ ಖಾತೆ ಜಪ್ತಿಯ ರಿಟ್ (ಕೋರ್ಟಿನ ಆಜ್ಞೆ) ತಲುಪಿಸುವಂಥ ಕೆಲವು ಕೆಲಸಗಳನ್ನು ನೋಂದಾಯಿತರು ಮಾಡಬಹುದು, ಅನುಭವ ಬಂದ ಮೇಲೆ ಅದಕ್ಕೆ ಕೈಹಾಕಿ.

ದುಡ್ಡು ಹೇಗೆ?

ಕಾಗದದ ಲೆಕ್ಕದಲ್ಲಿ. ಒಂದು ವಿಳಾಸಕ್ಕೆ ಇಂತಿಷ್ಟು ಭೇಟಿ ಸೇರಿ ಒಂದು ದರ, ಅದೇ ದಿನ ಬೇಕೆಂದರೆ ಹೆಚ್ಚು. ಹೊಸಬರು ಸಾಮಾನ್ಯವಾಗಿ ದೊಡ್ಡ ಏಜೆನ್ಸಿಗಳ ಕೈಕೆಳಗೆ ಶುರುಮಾಡುತ್ತಾರೆ. ಏಜೆನ್ಸಿ ವಕೀಲರಿಂದ ಪಡೆಯುವುದಕ್ಕೂ ನಿಮ್ಮ ಕೈಗೆ ಬರುವುದಕ್ಕೂ ಅಂತರ ದೊಡ್ಡದು. ಪೆಟ್ರೋಲು, ಟೈರು, ಪಾರ್ಕಿಂಗ್ ನಿಮ್ಮದೇ. ಟ್ರೇಸಿಯಲ್ಲಿ ಒಂದು, ಪಾಲೊ ಆಲ್ಟೊದಲ್ಲಿ ಒಂದು ಕಾಗದ ಒಪ್ಪಿಕೊಂಡು ದಿನವೆಲ್ಲ ಹೆದ್ದಾರಿಯಲ್ಲಿ ಕಳೆದರೆ ಲೆಕ್ಕ ಮೈನಸ್ಸಿಗೆ ಹೋಗುತ್ತದೆ. ಒಂದೇ ಕಡೆಯ ಕಾಗದಗಳನ್ನು ಒಟ್ಟುಮಾಡಿ ಹೋಗುವವರಿಗಷ್ಟೇ ಇದು ಗಿಟ್ಟುತ್ತದೆ.

ಸ್ವಂತ ದುಡಿಮೆಯಾದರೆ ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವ-ಉದ್ಯೋಗ ತೆರಿಗೆಯೂ ಬೀಳುತ್ತದೆ. ಓಡಿಸಿದ ಮೈಲಿಗಳ ದಾಖಲೆ ಇಟ್ಟರೆ ಖರ್ಚು ಕಳೆಯಬಹುದು. 2025ರಲ್ಲಿ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿದ್ದ ದರ ಮೈಲಿಗೆ 70 ಸೆಂಟ್. ಕಾರಿನ ವಿಮೆಯವರಿಗೆ ವ್ಯಾಪಾರದ ಬಳಕೆಯೆಂದು ಮೊದಲೇ ತಿಳಿಸಿರಿ. ಇದೊಂದರಿಂದಲೇ ಬೇ ಏರಿಯಾದಲ್ಲಿ ಮನೆ ಬಾಡಿಗೆ ಕಟ್ಟುತ್ತೇನೆಂದು ಹೊರಡುವವರಿಗೆ ನಾನು ಹುರಿದುಂಬಿಸುವುದಿಲ್ಲ.

ಅಪಾಯವಿದೆಯೇ?

ಇದೆ. ನಾಯಿಗಳು ಮೊದಲು, ಸಿಟ್ಟಿನ ಮನುಷ್ಯರು ಆಮೇಲೆ. ವಾದಕ್ಕೆ ನಿಲ್ಲಬೇಡಿ, ಕಾಗದ ಕೊಟ್ಟು ಹೊರಡಿ. ಕೌಟುಂಬಿಕ ದೌರ್ಜನ್ಯದ ತಡೆಯಾಜ್ಞೆಯನ್ನು ಷೆರಿಫ್ ಕಚೇರಿ ಶುಲ್ಕವಿಲ್ಲದೆ ಜಾರಿ ಮಾಡುತ್ತದೆ. ಅಂಥದ್ದು ನಿಮ್ಮ ಬಳಿ ಬಂದರೆ ಅಲ್ಲಿಗೇ ಕಳಿಸುವುದು ಕೊಡುವವರಿಗೂ ನಿಮಗೂ ಕ್ಷೇಮ.

ಕಾಗದ ಪಡೆದವರು "ಈಗ ನಾನೇನು ಮಾಡಲಿ?" ಎಂದು ಕನ್ನಡದಲ್ಲೇ ಕೇಳಿದರೆ?

ಮನಸ್ಸು ಕರಗುತ್ತದೆ, ಆದರೂ ಸಲಹೆ ಕೊಡಬೇಡಿ. ವಕೀಲರಲ್ಲದವರು ಕಾನೂನು ಸಲಹೆ ಕೊಡುವುದು ಇಲ್ಲಿ ಅಪರಾಧ. ಅದೂ ಅಲ್ಲದೆ ನೀವು ಬಂದಿರುವುದು ಎದುರು ಪಕ್ಷದ ದುಡ್ಡಿನಲ್ಲಿ. ಸಮನ್ಸಿನ ಮೇಲೆಯೇ ಗಡುವು ಬರೆದಿದೆ, ವಕೀಲರಿಲ್ಲದವರಿಗೆ ನೆರವಾಗುವ ಕೋರ್ಟಿನ ಸ್ವಸಹಾಯ ಕೇಂದ್ರವಿದೆ ಎಂದಷ್ಟೇ ಹೇಳಿ. ಊರು ಯಾವುದು, ಯಾರ ಕಡೆಯವರು ಎಂಬ ಮಾತಿಗೂ ಇಳಿಯದಿರುವುದು ಲೇಸು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಅವರೇ ಪಕ್ಕದಲ್ಲಿ ಕೂರಬಹುದು. ಪರಿಚಯದವರ ಕಾಗದ ಎಂದು ಮೊದಲೇ ಗೊತ್ತಾದರೆ ಕೆಲಸ ಒಪ್ಪಿಕೊಳ್ಳದೆ ವಾಪಸ್ ಕಳಿಸುವ ಸ್ವಾತಂತ್ರ್ಯ ನಿಮಗಿದೆ.

ಇಲ್ಲಿ ಹೂಡಿದ ವಿಚ್ಛೇದನದ ಕಾಗದವನ್ನು ಬೆಂಗಳೂರಿನಲ್ಲಿರುವವರಿಗೆ ತಲುಪಿಸುವುದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ಬೆಂಗಳೂರಿನ ಸ್ನೇಹಿತರ ಕೈಲಿ ಕೊಡಿಸಿದರೆ, ಕೊರಿಯರ್ ಮಾಡಿದರೆ, ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿ ನೀಲಿ ಟಿಕ್ ಬಂದರೆ ಸಾಕೆಂದು ಜನ ತಿಳಿಯುತ್ತಾರೆ. ಸಾಲದು. ಅಮೆರಿಕ, ಭಾರತ ಎರಡೂ ಹೇಗ್ ಜಾರಿ ಒಪ್ಪಂದದ, ಅಂದರೆ ಒಂದು ದೇಶದ ಕೋರ್ಟಿನ ಕಾಗದವನ್ನು ಇನ್ನೊಂದು ದೇಶದಲ್ಲಿ ತಲುಪಿಸುವ ಕುರಿತ ಅಂತರರಾಷ್ಟ್ರೀಯ ಒಪ್ಪಂದದ, ಸದಸ್ಯ ದೇಶಗಳು. ಭಾರತಕ್ಕೆ ಅದು ಅನ್ವಯವಾದದ್ದು 2007ರ ಆಗಸ್ಟ್ 1ರಿಂದ. ಸೇರುವಾಗಲೇ ಭಾರತ ಅದರ 10ನೇ ವಿಧಿಗೆ ಆಕ್ಷೇಪ ಸಲ್ಲಿಸಿದೆ. ಅಂದರೆ ವಿದೇಶಿ ಕೋರ್ಟಿನ ಕಾಗದವನ್ನು ನೇರ ಅಂಚೆಯಲ್ಲಾಗಲಿ ಖಾಸಗಿಯವರ ಮೂಲಕವಾಗಲಿ ಇಲ್ಲಿಂದ ಕಳಿಸುವುದನ್ನು ಅದು ಒಪ್ಪುವುದಿಲ್ಲ. ದೆಹಲಿಯಲ್ಲಿರುವ ಕಾನೂನು ಮತ್ತು ನ್ಯಾಯ ಸಚಿವಾಲಯ ಕೇಂದ್ರ ಪ್ರಾಧಿಕಾರ. ನಿಗದಿತ ನಮೂನೆಯೊಂದಿಗೆ ಅಲ್ಲಿಗೆ ಕಳಿಸಬೇಕು, ಅಲ್ಲಿಂದ ಸಂಬಂಧಪಟ್ಟ ಜಿಲ್ಲಾ ನ್ಯಾಯಾಲಯಕ್ಕೆ, ಅಲ್ಲಿಂದ ಆದೇಶ ಜಾರಿಕಾರರ ಕೈಗೆ. ಕಾಗದಗಳು ಇಂಗ್ಲಿಷಿನಲ್ಲಿರಬೇಕು ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಕ್ಯಾಲಿಫೋರ್ನಿಯಾದ ಕಾಗದಕ್ಕೆ ಆ ಚಿಂತೆಯಿಲ್ಲ.

ತಿಂಗಳುಗಟ್ಟಲೆ ಹಿಡಿಯುತ್ತದೆ. ಕಳಿಸಿ ಆರು ತಿಂಗಳು ಕಳೆದು, ವಿಚಾರಿಸಿದರೂ ಯಾವ ಪ್ರಮಾಣಪತ್ರವೂ ಬಾರದಿದ್ದರೆ ಇಲ್ಲಿನ ನ್ಯಾಯಾಧೀಶರು ಮುಂದುವರಿಯಲು ಒಪ್ಪಂದದ 15ನೇ ವಿಧಿ ಅವಕಾಶ ಕೊಡುತ್ತದೆ. ಇಬ್ಬರ ನಡುವೆ ಮಾತುಕತೆ ಇನ್ನೂ ಉಳಿದಿದ್ದರೆ ಸುಲಭದ ದಾರಿಯೊಂದಿದೆ: ಬೆಂಗಳೂರಿನಲ್ಲಿರುವವರು ತಾವಾಗಿ ಉತ್ತರ ಸಲ್ಲಿಸಿದರೆ ಅಥವಾ ಎಫ್‌ಎಲ್-130 ನಮೂನೆಗೆ ಸಹಿ ಮಾಡಿ ಕೇಸಿಗೆ ಹಾಜರಾದರೆ ಜಾರಿಯ ಪ್ರಶ್ನೆಯೇ ಏಳುವುದಿಲ್ಲ. ಸಹಿ ಮಾಡುವವರು ಮೊದಲು ತಮ್ಮ ವಕೀಲರೊಬ್ಬರನ್ನು ಕಾಣಲಿ.

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದ ಸಮನ್ಸ್ ಇಲ್ಲಿರುವವರಿಗೆ ಬಂದರೆ?

ಅಮೆರಿಕ 10ನೇ ವಿಧಿಗೆ ಆಕ್ಷೇಪ ಎತ್ತಿಲ್ಲ, ಆದ್ದರಿಂದ ಅಂಚೆಯಲ್ಲೇ ಬರಬಹುದು. ಅಧಿಕೃತ ದಾರಿಯಲ್ಲಿ ಬಂದರೆ ಅಮೆರಿಕದ ನ್ಯಾಯ ಇಲಾಖೆಯ ಪರವಾಗಿ ಖಾಸಗಿ ಗುತ್ತಿಗೆದಾರರ ಸರ್ವರ್ ಬಾಗಿಲಿಗೆ ಬರುತ್ತಾರೆ. ದೆಹಲಿ ಮೂಲಕ ಹೋಗುವ ಕಾಗದ ಸರ್ಕಾರಿ ನೌಕರರಿಂದ ತಲುಪುತ್ತದೆ, ವಾಷಿಂಗ್ಟನ್ ಮೂಲಕ ಬರುವುದು ನಮ್ಮಂಥವರಿಂದ.

ಕರ್ನಾಟಕದಲ್ಲಿ ಇದನ್ನೇ ಸ್ವಂತ ವೃತ್ತಿಯಾಗಿ ಮಾಡಬಹುದೇ?

ಇಲ್ಲಿನಂತೆ ನೋಂದಣಿ ಮಾಡಿಸಿ ಖಾಸಗಿಯಾಗಿ ನಡೆಸುವ ವ್ಯವಸ್ಥೆ ಅಲ್ಲಿಲ್ಲ. ದಿವಾಣಿ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದಂತೆ ಸಮನ್ಸ್ ಹೋಗುವುದು ಕೋರ್ಟಿನ ಅಧಿಕಾರಿಯ ಮೂಲಕ ಅಥವಾ ಕೋರ್ಟ್ ಒಪ್ಪಿದ ಕೊರಿಯರ್ ಮೂಲಕ. ನಿಯಮ 9-ಎ ಪ್ರಕಾರ ಕೋರ್ಟಿನ ಅನುಮತಿ ಪಡೆದು ವಾದಿಯೇ ದಸ್ತಿಯಾಗಿ ಒಯ್ದು ಕೊಡಬಹುದು. ಪ್ರತಿವಾದಿ ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ ಷರಾ ಬರೆಯುವ ಪದ್ಧತಿ ನಿಯಮ 17ರಲ್ಲಿದೆ. ಕ್ಯಾಲಿಫೋರ್ನಿಯಾದ ಸಾಮಾನ್ಯ ದಾವೆಯಲ್ಲಿ ಕೋರ್ಟಿನ ಆದೇಶವಿಲ್ಲದೆ ಬಾಗಿಲಿಗೆ ಅಂಟಿಸಿದರೆ ಜಾರಿಯಾಗುವುದಿಲ್ಲ. ಊರಿನ ರೂಢಿಯನ್ನು ಇಲ್ಲಿಗೆ ತರಬೇಡಿ.

ಆ ಕೆಲಸವೇ ಬೇಕೆಂದರೆ ಜಿಲ್ಲಾ ನ್ಯಾಯಾಲಯಗಳು ಆದೇಶ ಜಾರಿಕಾರರ ಹುದ್ದೆಗೆ ಆಗಾಗ ಅರ್ಜಿ ಕರೆಯುತ್ತವೆ. ಎಸ್‌ಎಸ್‌ಎಲ್‌ಸಿ ಪಾಸಾಗಿ ಕನ್ನಡ ಓದಲು ಬರೆಯಲು ಬರಬೇಕು. ಎನ್‌ಸ್ಟೆಪ್ ಎಂಬ ಇ-ಕೋರ್ಟ್ಸ್ ಆ್ಯಪ್ ಬಂದ ಮೇಲೆ ಜಾರಿಕಾರರು ಸ್ಥಳದಿಂದಲೇ ಫೋಟೊ, ಜಿಪಿಎಸ್ ಗುರುತು ಕಳಿಸುವಂತಾಗಿದೆ. ಈ ವಿಷಯದಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕಿಂತ ಒಂದು ಹೆಜ್ಜೆ ಮುಂದಿದ್ದಾರೆ.

ನೋಂದಣಿ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ?

ಎರಡು ವರ್ಷ. ಅದರ ಜೊತೆಗೇ ಬಾಂಡಿನ ಅವಧಿಯೂ ಮುಗಿಯದಂತೆ ನೋಡಿಕೊಳ್ಳಿ. ಅವಧಿ ತೀರಿದ ಮಾರನೆಯ ದಿನ ಕೊಟ್ಟ ಕಾಗದದ ಮೇಲೆ ಹಳೆಯ ಸಂಖ್ಯೆ ಬರೆಯುವಂತಿಲ್ಲ. ಮುಗಿಯುವ ಒಂದೆರಡು ತಿಂಗಳು ಮೊದಲೇ ಬಾಂಡ್ ಕಂಪನಿಗೆ ಫೋನ್ ಮಾಡಿ, ಹೊಸ ಬಾಂಡ್ ಕೈಗೆ ಬಂದ ಮೇಲೆ ಕೌಂಟಿ ಕಚೇರಿಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.